ಬಿಚ್ಚಲಾಗದ ಗಡಿಯಾರ

ಕೆಟ್ಟದ್ದನ್ನು ರಿಪೇರಿ ಮಾಡಿಸಿಕೊಳ್ಳುವುದು ಬಡವರ ಚಾಳಿ, ಕೆಟ್ಟ ಕೂಡಲೇ ಎಸೆದು ಹೊಸದು ತರುವುದು ಮುಂದುವರಿದವರ ಲಕ್ಷಣ ಎಂಬ ನಂಬಿಕೆಯೊಂದನ್ನು ನಮ್ಮ ತಲೆಯೊಳಗೆ ಸದ್ದಿಲ್ಲದೆ ತುಂಬಲಾಗಿದೆ. ಅದನ್ನು ತುಂಬಿದವರು ಯಾರು, ಅದರಿಂದ ಯಾರ ಗಲ್ಲಾಪೆಟ್ಟಿಗೆ ತುಂಬುತ್ತದೆ ಎಂದು ಕೇಳುವ ವ್ಯವಧಾನ ಮಾತ್ರ ನಮಗಿಲ್ಲ. ಆ ಪ್ರಶ್ನೆಯನ್ನು ನಾನು ಒಂದು ಸಣ್ಣ ವಸ್ತುವಿನ ನೆಪದಲ್ಲಿ ಕೇಳಬೇಕೆಂದಿದ್ದೇನೆ. ಬಸ್ಸಿನ ಕಂಡಕ್ಟರಿನಿಂದ ಹಿಡಿದು ಕಾಲೇಜಿನ ಹುಡುಗಿಯವರೆಗೆ, ಮಗ ಕಳಿಸಿದನೆಂದು ಕಟ್ಟಿಕೊಂಡ ಹಳ್ಳಿಯ ಅಜ್ಜನವರೆಗೆ ಎಲ್ಲರ ಮಣಿಕಟ್ಟಿನಲ್ಲೂ ಇಂದು ಮಿನುಗುತ್ತಿರುವ ಸ್ಮಾರ್ಟ್ ವಾಚು ಆ ವಸ್ತು.

ಅದು ಒಳ್ಳೆಯ ವಸ್ತುವಲ್ಲ ಎಂದು ನಾನು ಹೇಳುತ್ತಿಲ್ಲ. ನಾಡಿ ಎಣಿಸುತ್ತದೆ, ಹೆಜ್ಜೆ ಲೆಕ್ಕ ಹಾಕುತ್ತದೆ, ಫೋನು ಬಂದರೆ ಮೈ ನಡುಗಿಸಿ ತಿಳಿಸುತ್ತದೆ. ಕೆಲವು ಗಡಿಯಾರಗಳು ಕಟ್ಟಿಕೊಂಡವರು ಜಾರಿ ಬಿದ್ದರೆ ದೂರದಲ್ಲಿರುವ ಮಕ್ಕಳಿಗೆ ಸುದ್ದಿ ಮುಟ್ಟಿಸುತ್ತವೆ. ಒಂಟಿಯಾಗಿರುವ ಮುದುಕರಿಗೆ ಇದು ಸಣ್ಣ ಉಪಕಾರವಲ್ಲ. ನನ್ನ ತಕರಾರು ಇಷ್ಟೆ: ಇಷ್ಟೆಲ್ಲ ಬುದ್ಧಿಯಿರುವ ಗಡಿಯಾರ ಕೆಟ್ಟಾಗ ಅದನ್ನು ಸರಿಮಾಡಿಕೊಡುವ ಬುದ್ಧಿ ಅದನ್ನು ಮಾಡಿದವರಿಗೆ ಏಕಿಲ್ಲ? ಇದ್ದರೂ ಏಕೆ ಇಲ್ಲವೆಂದು ನಟಿಸುತ್ತಾರೆ?

ಗಡಿಯಾರದ ವಿಷಯದಲ್ಲಿ ಮಾತಾಡುವ ಹಕ್ಕು ಕನ್ನಡಿಗರಿಗೆ ಸ್ವಲ್ಪ ಹೆಚ್ಚಾಗಿಯೇ ಇದೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಎಚ್.ಎಂ.ಟಿ. ತನ್ನ ಗಡಿಯಾರದ ಕಾರ್ಖಾನೆಯನ್ನು ತೆರೆದದ್ದು ಬೆಂಗಳೂರಿನಲ್ಲಿ. ಆಮೇಲೆ ತುಮಕೂರಿನಲ್ಲೂ ಒಂದು ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕಾಂಚನ್ ಎಂಬ ಹೆಸರುಗಳು ನಮ್ಮ ಮನೆಮಕ್ಕಳ ಹೆಸರುಗಳಷ್ಟೇ ಪರಿಚಿತವಾಗಿದ್ದವು. ಎಸ್.ಎಸ್.ಎಲ್.ಸಿ. ಪಾಸಾದ ಹುಡುಗನಿಗೆ, ಮದುವೆಯ ಗಂಡಿಗೆ, ನಿವೃತ್ತರಾದ ಮೇಷ್ಟರಿಗೆ ಕೊಡುವ ಉಡುಗೊರೆ ಅದೇ. ಹದಿನೇಳು ಕಲ್ಲಿನ ಜನತಾ ಗಡಿಯಾರಕ್ಕೆ ಬೆಳಗ್ಗೆ ಕೀ ಕೊಟ್ಟರೆ ಮರುದಿನದ ಬೆಳಗಿನವರೆಗೆ ಅದು ತನ್ನ ಪಾಡಿಗೆ ತಾನು ಓಡುತ್ತಿತ್ತು. ಗಾಜು ಒಡೆದರೆ ಸಂತೆಯ ದಿನ ಪೇಟೆಗೆ ಹೋದಾಗ ಹಾಕಿಸಿಕೊಂಡು ಬರುವುದು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಾಜಿನ ಪೆಟ್ಟಿಗೆಯ ಹಿಂದೆ ಕೂತ ರಿಪೇರಿಯವನು ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದು, ಚಿಮಟದಲ್ಲಿ ಸ್ಪ್ರಿಂಗ್ ಎತ್ತಿ, ಎಣ್ಣೆಯ ಒಂದು ಹನಿ ಬಿಟ್ಟು, ಮತ್ತೆ ಕಿವಿಯ ಹತ್ತಿರ ಹಿಡಿದು ಕೇಳಿ ಕೊಡುತ್ತಿದ್ದ.

2016ರ ಜನವರಿಯಲ್ಲಿ ಕೇಂದ್ರ ಸಂಪುಟವು ಎಚ್.ಎಂ.ಟಿ. ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆದರೆ ಇವತ್ತಿಗೂ ಐವತ್ತು ವರ್ಷ ಹಳೆಯ ಪೈಲಟ್ ಗಡಿಯಾರವನ್ನು ಯಾವುದಾದರೂ ಊರಿನ ಹಳೆಯ ಪೇಟೆಯ ರಿಪೇರಿಯವನ ಮುಂದಿಟ್ಟರೆ ಆತ ಅದನ್ನು ಓಡಿಸಿಕೊಡುತ್ತಾನೆ. ಅಂದರೆ ಮಾಡಿದವನು ಕಣ್ಮುಚ್ಚಿದ ಮೇಲೂ ಗಡಿಯಾರ ಬದುಕಿದೆ. ಸ್ಮಾರ್ಟ್ ವಾಚಿನ ಕಥೆ ಇದಕ್ಕೆ ತಿರುಗುಮುರುಗು. ಇಲ್ಲಿ ಮಾಡಿದವನು ಗುಂಡುಕಲ್ಲಿನ ಹಾಗಿದ್ದಾನೆ, ವರ್ಷವರ್ಷವೂ ಹೊಸ ಮಾದರಿ ಬಿಡುತ್ತಿದ್ದಾನೆ. ಎರಡು ವರ್ಷ ಹಿಂದೆ ಅವನೇ ಮಾರಿದ ಗಡಿಯಾರ ಮಾತ್ರ ಸತ್ತು ಮೇಜಿನ ಖಾನೆಯಲ್ಲಿ ಬಿದ್ದಿದೆ.

ಗಡಿಯಾರ ಕಟ್ಟುವುದು ಕೈಗೆ. ಕೈ ಎಂದರೆ ಕೆಲಸ ಮಾಡುವ ಅಂಗ. ಅದು ಬಾಗಿಲ ಚೌಕಟ್ಟಿಗೆ ತಾಗುತ್ತದೆ, ಬಸ್ಸಿನ ಕಂಬಿಗೆ ಬಡಿಯುತ್ತದೆ, ಪಾತ್ರೆ ತೊಳೆಯುತ್ತದೆ, ತೋಟದ ಮಣ್ಣು ಕೆದಕುತ್ತದೆ, ಬೆವರುತ್ತದೆ. ಜಾಹೀರಾತಿನಲ್ಲಿ ತೋರಿಸುವುದೂ ಇದನ್ನೇ ಅಲ್ಲವೆ? ಅಲ್ಲಿ ಒಬ್ಬ ಮಳೆಯಲ್ಲಿ ಓಡುತ್ತಾನೆ, ಇನ್ನೊಬ್ಬಳು ಈಜುಕೊಳಕ್ಕೆ ಧುಮುಕುತ್ತಾಳೆ, ಮತ್ತೊಬ್ಬ ಬಂಡೆ ಹತ್ತುತ್ತಾನೆ. ಆದರೆ ಡಬ್ಬಿಯೊಳಗೆ ಮಡಚಿಟ್ಟ ವಾರಂಟಿ ಚೀಟಿಯನ್ನು ಬಿಡಿಸಿ ಓದಿ. ಬಿದ್ದರೆ ಇಲ್ಲ, ತಾಗಿದರೆ ಇಲ್ಲ, ಗೀಚಿದರೆ ಇಲ್ಲ, ನೀರು ಹೊಕ್ಕರೆ ಇಲ್ಲ. ಇವೆಲ್ಲ 'ಆಕಸ್ಮಿಕ ಹಾನಿ'ಯಂತೆ. ಜಾಹೀರಾತಿನಲ್ಲಿ ಬದುಕು ಎನ್ನಿಸಿಕೊಂಡದ್ದು ಚೀಟಿಯಲ್ಲಿ ಅಪಘಾತವಾಗುತ್ತದೆ. ಚಪ್ಪಲಿ ಮಾರುವವನು 'ನೆಲಕ್ಕೆ ತಾಗಿದರೆ ನಮ್ಮ ಜವಾಬ್ದಾರಿಯಲ್ಲ' ಎಂದರೆ ನಾವು ನಗುತ್ತೇವೆ. ಗಡಿಯಾರದವನು ಅದನ್ನೇ ಸಣ್ಣ ಅಕ್ಷರದಲ್ಲಿ ಹೇಳಿದರೆ ಸಹಿ ಹಾಕಿ ಮನೆಗೆ ತರುತ್ತೇವೆ.

ನೀರಿನ ವಿಷಯವನ್ನೇ ನೋಡೋಣ. ಗಡಿಯಾರದ ಬೆನ್ನ ಮೇಲೆ '5 ಎಟಿಎಂ' ಅಥವಾ '50 ಮೀಟರ್' ಎಂದು ಕೊರೆದಿರುತ್ತದೆ. ಐವತ್ತು ಮೀಟರ್ ಆಳಕ್ಕೆ ಇಳಿಯಬಹುದು ಎಂದು ಓದಿದವರು ತಿಳಿದರೆ ತಪ್ಪೇನು? ಆದರೆ ಅದರ ಅರ್ಥ ಅದಲ್ಲ. ಪರೀಕ್ಷಾಲಯದಲ್ಲಿ, ಅಲುಗಾಡದ ನೀರಿನಲ್ಲಿ, ಐವತ್ತು ಮೀಟರ್ ಆಳದಲ್ಲಿರುವಷ್ಟು ಒತ್ತಡವನ್ನು ಹೊಸ ಗಡಿಯಾರ ತಡೆದುಕೊಂಡಿತು ಎಂದಷ್ಟೆ. ಬಿಸಿನೀರು, ಸೋಪು, ಹಬೆ, ಬೆವರಿನ ಉಪ್ಪು ಇವು ಒಳಗಿನ ರಬ್ಬರು ಬಳೆಯನ್ನೂ ಅಂಟನ್ನೂ ದಿನದಿನಕ್ಕೆ ಸಡಿಲ ಮಾಡುತ್ತವೆ. ನೀರು ತಡೆಯುವ ಶಕ್ತಿ ಶಾಶ್ವತವಲ್ಲ ಎಂದು ತಯಾರಕರೇ ಎಲ್ಲೋ ಮೂಲೆಯಲ್ಲಿ ಬರೆದಿರುತ್ತಾರೆ. ಹಾಗಿದ್ದರೆ ವರ್ಷಕ್ಕೊಮ್ಮೆ ಆ ರಬ್ಬರು ಬಳೆ ಬದಲಾಯಿಸುವ ವ್ಯವಸ್ಥೆ ಇರಬೇಡವೆ? ಇಲ್ಲ. ಗಡಿಯಾರವನ್ನು ಬಿಚ್ಚುವಂತೆಯೇ ಇಲ್ಲ.

ಪರದೆಯದು ಇನ್ನೊಂದು ಕಥೆ. ಮೇಲಿನ ಗಾಜು, ಅದರ ಕೆಳಗಿನ ಸ್ಪರ್ಶದ ಪದರ, ಅದರ ಕೆಳಗೆ ಬೆಳಕು ಕೊಡುವ ಓಎಲ್‌ಇಡಿ ಹಾಳೆ, ಈ ಮೂರನ್ನೂ ಪಾರದರ್ಶಕ ಅಂಟಿನಿಂದ ಒಂದಾಗಿ ಮೆತ್ತಿರುತ್ತಾರೆ. ಹಾಗಾಗಿ ಗಾಜು ಮಾತ್ರ ಸೀಳಿದರೂ ಬದಲಾಯಿಸಬೇಕಾದದ್ದು ಇಡೀ ಪರದೆ. ಅಂದಕ್ಕೆಂದು ಗಾಜಿನ ಅಂಚನ್ನು ಬಾಗಿಸಿರುತ್ತಾರೆ. ಪೆಟ್ಟು ಮೊದಲು ಬೀಳುವುದು ಆ ಅಂಚಿಗೇ. ನಮ್ಮ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಅದರ ಗಡಸುತನ ಏಳು, ಸಾಧಾರಣ ಗಾಜಿನದು ಐದೂವರೆ ಆರು, ನೀಲಮಣಿಯ ಹರಳಿನದು ಒಂಬತ್ತು. ಆದ್ದರಿಂದ ದುಬಾರಿ ಗಡಿಯಾರಕ್ಕೆ ನೀಲಮಣಿ, ನಮ್ಮಂಥವರದಕ್ಕೆ ಗಾಜು. ಇನ್ನು ಓಎಲ್‌ಇಡಿ ಎಂಬುದು ತೇವ ತಾಗಿದರೆ ಸಾಯುವ ವಸ್ತು. ಅಂಟು ಒಂದು ಕಡೆ ಬಿಟ್ಟುಕೊಂಡರೆ ಮೊದಲು ಒಂದು ಗೆರೆ, ಆಮೇಲೆ ಒಂದು ಕಲೆ, ಆಮೇಲೆ ಅಮಾವಾಸ್ಯೆ.

ನನ್ನ ಗಡಿಯಾರಕ್ಕೂ ಆದದ್ದು ಇದೇ. ಹದಿನಾಲ್ಕು ಸಾವಿರ ಕೊಟ್ಟು ಕೊಂಡದ್ದು. ಹದಿನಾಲ್ಕನೆಯ ತಿಂಗಳಲ್ಲಿ, ಎಲ್ಲೂ ಬೀಳದೆ, ಯಾವುದಕ್ಕೂ ತಾಗದೆ, ಒಂದು ಬೆಳಗ್ಗೆ ಪರದೆಯ ಮೇಲೆ ಹಸಿರು ಗೆರೆ ಮೂಡಿತು. ವಾರದೊಳಗೆ ಪರದೆ ಕಪ್ಪಾಯಿತು. ಒಳಗಿನ ಯಂತ್ರ ಮಾತ್ರ ಜೀವಂತ. ಫೋನು ಬಂದಾಗ ನಡುಗುತ್ತಿತ್ತು. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಸರಿ, ದುಡ್ಡು ಕೊಟ್ಟೇ ಮಾಡಿಸೋಣವೆಂದು ಕಂಪನಿಗೆ ಬರೆದೆ. ನಮ್ಮ ಜಿಲ್ಲೆಯಲ್ಲಿ ಅವರ ರಿಪೇರಿ ಕೇಂದ್ರವಿಲ್ಲ, ಬೆಂಗಳೂರಿಗೆ ಕೊರಿಯರ್ ಮಾಡಿ ಎಂದರು. ಮಾಡಿದೆ. ಹನ್ನೊಂದು ದಿನದ ಮೇಲೆ ಎರಡು ಸಾಲಿನ ತೀರ್ಪು ಬಂತು: ಒಳಗೆ ದ್ರವ ಪ್ರವೇಶಿಸಿದೆ, ಈ ಮಾದರಿಗೆ ರಿಪೇರಿ ಇಲ್ಲ, ಬೇಕಾದರೆ 8,600 ರೂಪಾಯಿ ಕಟ್ಟಿದರೆ ಬೇರೊಂದು ಗಡಿಯಾರ ಕೊಡುತ್ತೇವೆ. ದ್ರವ ಎಲ್ಲಿಂದ ಪ್ರವೇಶಿಸಿತು, ಒಂದು ಫೋಟೋ ಕಳಿಸಿ ಎಂದೆ. ಉತ್ತರವಿಲ್ಲ. ಐವತ್ತು ಮೀಟರ್ ನೀರನ್ನು ತಡೆಯುತ್ತದೆಂದು ನೀವೇ ಬರೆದ ಗಡಿಯಾರದೊಳಗೆ ನೀರು ಹೊಕ್ಕರೆ ಅದು ನನ್ನ ಅಪರಾಧ ಹೇಗಾಗುತ್ತದೆ ಎಂದೆ. ಅದಕ್ಕೂ ಉತ್ತರವಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆಗೆ ಒಳ್ಳೆಯ ಉದಾಹರಣೆಯೊಂದು ಸಿಕ್ಕಿತು ಎಂಬಷ್ಟೇ ನನಗಾದ ಲಾಭ.

ಗಡಿಯಾರವನ್ನು ವಾಪಸು ತರಿಸಿಕೊಂಡು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮೊಬೈಲು ರಿಪೇರಿ ಮಾಡುವ ಹುಡುಗನೊಬ್ಬನಿಗೆ ತೋರಿಸಿದೆ. ಆತ ಬಿಸಿಗಾಳಿ ಹಾಯಿಸಿ, ತೆಳ್ಳನೆಯ ತಗಡು ತೂರಿಸಿ, ಐದೇ ನಿಮಿಷದಲ್ಲಿ ಪರದೆಯನ್ನು ಎಬ್ಬಿಸಿದ. ನೋಡಿ ಹೇಳಿದ ಮಾತು ನನ್ನ ಇಡೀ ಲೇಖನಕ್ಕಿಂತ ಚೆನ್ನಾಗಿದೆ: "ಸ್ಕ್ರೀನ್ ಕೊಟ್ಟರೆ ಅರ್ಧ ಗಂಟೇಲಿ ಕೂರಿಸಿಕೊಡ್ತೀನಿ ಸಾರ್. ಕೈ ಇದೆ, ಸ್ಕ್ರೀನ್ ಎಲ್ಲಿದೆ?"

ಈ ದೇಶದಲ್ಲಿ ರಿಪೇರಿಯ ಕೈಗಳಿಗೆ ಬರವಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಸಣ್ಣ ಸಂತೆಪೇಟೆಯವರೆಗೆ, ಯಾವ ಕಾಲೇಜಿಗೂ ಹೋಗದೆ, ಮುರಿದದ್ದನ್ನು ಕೂಡಿಸುವ ವಿದ್ಯೆ ಕಲಿತ ಸಾವಿರಾರು ಮಂದಿ ಇದ್ದಾರೆ. ಅವರ ಕೈ ಕಟ್ಟಿರುವುದು ಬಿಡಿಭಾಗವನ್ನು ಮಾರದ ಕಂಪನಿಗಳು. ಒಂದು ಪರದೆಯನ್ನು ನ್ಯಾಯವಾದ ಬೆಲೆಗೆ ಮಾರಿದರೆ ಒಂದು ಹೊಸ ಗಡಿಯಾರದ ಮಾರಾಟ ತಪ್ಪುತ್ತದೆ, ಇದು ಅವರ ಲೆಕ್ಕ. ನನ್ನ ಅನುಭವದಿಂದಲೇ ಈ ಲೆಕ್ಕ ಸಾಬೀತಾಯಿತು. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಟ್ಟು, ಅಲ್ಲಿಂದ ನೋಟೀಸು ಹೋದ ಮೇಲೆ ಅದೇ ಕಂಪನಿಯವರು ಫೋನು ಮಾಡಿದರು. ಬಿಡಿಕಾಸಿಲ್ಲದೆ ಹೊಸ ಗಡಿಯಾರ ಕೊಡುತ್ತೇವೆ, ದೂರು ಹಿಂತೆಗೆದುಕೊಳ್ಳಿ ಎಂದರು. ನನಗೆ ಹೊಸ ಗಡಿಯಾರ ಬೇಡ, ಹಳೆಯದಕ್ಕೆ ಒಂದು ಪರದೆ ಕೊಡಿ, ಅದರ ಬೆಲೆ ಎಷ್ಟೆಂದು ರಸೀತಿಯಲ್ಲಿ ಬರೆಯಿರಿ ಎಂದೆ. ಅದೊಂದು ಆಗುವುದಿಲ್ಲ ಎಂದರು. ಯೋಚಿಸಿ ನೋಡಿ: ಇಡೀ ಗಡಿಯಾರವನ್ನು ಪುಕ್ಕಟೆ ಕೊಡಬಲ್ಲರು, ಒಂದು ಪರದೆಯನ್ನು ದುಡ್ಡಿಗೆ ಕೊಡಲಾರರು! ಕೂಗಿದವನ ಬಾಯಿಗೆ ಸಕ್ಕರೆ ಹಾಕಿ ಮುಚ್ಚಿಸಿದರೆ ಕೂಗದ ಸಾವಿರ ಮಂದಿಯಿಂದ ಅದರ ಹತ್ತರಷ್ಟು ಬಾಚಿಕೊಳ್ಳಬಹುದು. ದೂರನ್ನು ನಾನು ಹಿಂತೆಗೆದುಕೊಳ್ಳಲಿಲ್ಲ.

ಇದು ಒಂದು ಕಂಪನಿಯ ದುರ್ಗುಣವಲ್ಲ, ಒಂದು ಉದ್ಯಮದ ಸ್ವಭಾವ. ಪ್ರಪಂಚದ ದೊಡ್ಡ ದೊಡ್ಡ ಹೆಸರುಗಳ ಚರಿತ್ರೆಯನ್ನೇ ತೆಗೆದು ನೋಡಬಹುದು. ಆಪಲ್ ಕಂಪನಿ ತನ್ನ ಎರಡನೆಯ ಮತ್ತು ಮೂರನೆಯ ಸರಣಿಯ ಅಲ್ಯೂಮಿನಿಯಂ ಗಡಿಯಾರಗಳಲ್ಲಿ ಗಾಜಿನ ದುಂಡು ಅಂಚಿನುದ್ದಕ್ಕೂ ಬಿರುಕು ಬಿಡುವ ದೋಷವಿದೆಯೆಂದು ಒಪ್ಪಿ, 2019ರ ಆಗಸ್ಟಿನಲ್ಲಿ ಪುಕ್ಕಟೆಯಾಗಿ ಪರದೆ ಬದಲಾಯಿಸಿಕೊಡುವ ಯೋಜನೆಯನ್ನು ಪ್ರಕಟಿಸಬೇಕಾಯಿತು. ಫಿಟ್‌ಬಿಟ್ ಕಂಪನಿಯ ಅಯಾನಿಕ್ ಎಂಬ ಗಡಿಯಾರದ ಬ್ಯಾಟರಿ ಕಾದು ಕಟ್ಟಿಕೊಂಡವರ ಕೈ ಸುಟ್ಟ ಮೇಲೆ, 2022ರ ಮಾರ್ಚಿನಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅದೇ ಕಂಪನಿ ಕೆಟ್ಟ ಗಡಿಯಾರ ತಂದವರಿಗೆ 'ನಲವತ್ತೈದು ದಿನ ಮೀರಿದರೆ ಹಣ ವಾಪಸಿಲ್ಲ' ಎಂದು ಸುಳ್ಳು ಹೇಳಿ ಅವರ ಹಕ್ಕನ್ನು ಮುಚ್ಚಿಟ್ಟಿತೆಂದು ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಒಂದು ಕೋಟಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಗೂಗಲ್ ತನ್ನ ಮೊದಲ ಪಿಕ್ಸೆಲ್ ವಾಚನ್ನು 2022ರಲ್ಲಿ ಮಾರಿ, ಪರದೆ ಒಡೆದವರು ಹೋಗಿ ಕೇಳಿದರೆ 2023ರಲ್ಲಿ 'ಇದಕ್ಕೆ ರಿಪೇರಿ ಎಂಬುದೇ ಇಲ್ಲ' ಎಂದು ಅಧಿಕೃತವಾಗಿಯೇ ಹೇಳಿತು.

ತಯಾರಕರ ವಕೀಲರು ಮೂರು ಸಬೂಬು ಹೇಳುತ್ತಾರೆ. ಒಂದೊಂದನ್ನೇ ನೋಡೋಣ.

ಮೊದಲನೆಯದು, ನೀರು ಹೊಕ್ಕದಂತೆ ಮಾಡಬೇಕಾದರೆ ಅಂಟು ಹಾಕಿ ಮುಚ್ಚದೆ ಗತ್ಯಂತರವಿಲ್ಲ ಎಂಬುದು. ರೋಲೆಕ್ಸ್ ಕಂಪನಿ ತಿರುಪಿನ ಬೆನ್ನಿನ, ನೀರು ಹೊಕ್ಕದ ಆಯ್‌ಸ್ಟರ್ ಗಡಿಯಾರವನ್ನು ಹೊರತಂದದ್ದು 1926ರಲ್ಲಿ. ಸಮುದ್ರದ ತಳಕ್ಕೆ ಇಳಿಯುವ ಮುಳುಗುಗಾರರ ಗಡಿಯಾರಗಳು ಇಂದಿಗೂ ತಿರುಪು ಮತ್ತು ರಬ್ಬರು ಬಳೆಯ ಮೇಲೆಯೇ ನಡೆಯುತ್ತಿವೆ. ಅವು ಬೇರೆ ಜಾತಿಯ ಗಡಿಯಾರ ಎನ್ನುತ್ತೀರಾ? ಹಾಗಾದರೆ ರಿಪೇರಿಯೇ ಇಲ್ಲ ಎಂದ ಅದೇ ಗೂಗಲ್ 2025ರಲ್ಲಿ ಬಿಟ್ಟ ನಾಲ್ಕನೆಯ ಪಿಕ್ಸೆಲ್ ವಾಚನ್ನು ನೋಡಿ. ಅದರಲ್ಲಿ ತಿರುಪು ಇದೆ, ಪರದೆಯನ್ನೂ ಬ್ಯಾಟರಿಯನ್ನೂ ಬದಲಾಯಿಸಬಹುದು, ನೀರನ್ನೂ ತಡೆಯುತ್ತದೆ. ಮೂರು ವರ್ಷದಲ್ಲಿ ಭೌತಶಾಸ್ತ್ರ ಬದಲಾಯಿತೆ? ಬದಲಾದದ್ದು ಮನಸ್ಸು. ಮನಸ್ಸು ಮಾಡಿದರೆ ಆಗುತ್ತದೆಂದು ಅವರೇ ತೋರಿಸಿಕೊಟ್ಟ ಮೇಲೆ ಆಗುವುದಿಲ್ಲ ಎಂಬ ವಾದಕ್ಕೆ ಬೆಲೆ ಏನು?

ಎರಡನೆಯದು, ಲಿಥಿಯಂ ಬ್ಯಾಟರಿ ಅಪಾಯಕಾರಿ, ಕಂಡಕಂಡವರು ಬಿಚ್ಚಬಾರದು ಎಂಬುದು. ಅಪಾಯಕಾರಿ ನಿಜ. ಆದರೆ ಊರೂರಿನ ಮೊಬೈಲು ಅಂಗಡಿಯಲ್ಲಿ ದಿನಾ ಬದಲಾಯಿಸುತ್ತಿರುವುದು ಇದಕ್ಕಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನೇ. ಜನರ ಕ್ಷೇಮದ ಚಿಂತೆ ಅಷ್ಟಿದ್ದರೆ ಬ್ಯಾಟರಿಯನ್ನು ಅಂಟಿನಲ್ಲಿ ಹುದುಗಿಸಿ ಕೆತ್ತಿ ತೆಗೆಯುವಂತೆ ಮಾಡುವ ಬದಲು ಸುಲಭವಾಗಿ ಈಚೆ ಬರುವಂತೆ ಇಡಬಹುದಲ್ಲ! ಇಂಥ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ತುಂಬಿ ಖಾಲಿಯಾಗುವ ಹೊತ್ತಿಗೆ ಮುದುಕಾಗತೊಡಗುತ್ತದೆ. ದಿನಕ್ಕೊಮ್ಮೆ ಚಾರ್ಜು ಬೇಡುವ ಗಡಿಯಾರಕ್ಕೆ ಅದು ಒಂದೂವರೆ ವರ್ಷದ ಆಯುಷ್ಯ. ಇದು ಗೊತ್ತಿದ್ದೂ ಬದಲಾಯಿಸಲಾಗದ ಬ್ಯಾಟರಿ ಇಡುವುದೆಂದರೆ ಹುಟ್ಟುವಾಗಲೇ ಸಾವಿನ ದಿನ ಬರೆದು ಕಳಿಸಿದ ಹಾಗೆ. 1920ರ ದಶಕದಲ್ಲಿ ಪ್ರಪಂಚದ ಪ್ರಮುಖ ವಿದ್ಯುದ್ದೀಪ ತಯಾರಕರು ಫೀಬಸ್ ಎಂಬ ಕೂಟ ಕಟ್ಟಿಕೊಂಡು, ಬಲ್ಬಿನ ಆಯುಷ್ಯ ಸಾವಿರ ಗಂಟೆ ಮೀರಬಾರದೆಂದು ಕಟ್ಟು ಮಾಡಿ, ಮೀರಿದವರಿಗೆ ದಂಡ ಹಾಕುತ್ತಿದ್ದರು. ಅವರು ಕೂಟ ಕಟ್ಟಬೇಕಾಯಿತು. ಇವರಿಗೆ ಒಂದು ತೊಟ್ಟು ಅಂಟು ಸಾಕು.

ಮೂರನೆಯದು, ತಂತ್ರಜ್ಞಾನ ಓಡುತ್ತಿದೆ, ಹಳೆಯದನ್ನು ಯಾರು ಕೇಳುತ್ತಾರೆ ಎಂಬುದು. ಯಾರು ಕೇಳುತ್ತಾರೆಂಬುದಕ್ಕೆ ಪೆಬಲ್ ಎಂಬ ಗಡಿಯಾರ ಉತ್ತರ ಕೊಟ್ಟಿದೆ. ಆ ಕಂಪನಿ 2016ರ ಡಿಸೆಂಬರಿನಲ್ಲಿ ಮುಚ್ಚಿತು, 2018ರ ಜೂನಿನಲ್ಲಿ ಅದರ ಸೇವೆಗಳೂ ನಿಂತವು. ಆಗ ಅದನ್ನು ಕಟ್ಟಿಕೊಂಡಿದ್ದ ಜನರೇ ರೆಬಲ್ ಎಂಬ ಗುಂಪು ಮಾಡಿಕೊಂಡು, ಸೇವೆಯನ್ನು ತಾವೇ ನಡೆಸಿ, ಸಾಯಬೇಕಿದ್ದ ಗಡಿಯಾರಗಳನ್ನು ಬದುಕಿಸಿಕೊಂಡರು. ಹಳೆಯದು ಬೇಡವಾದದ್ದು ಕೊಂಡವರಿಗಲ್ಲ, ಮಾರುವವರಿಗೆ. ಮನುಷ್ಯನ ನಾಡಿ ವರ್ಷವರ್ಷವೂ ಹೊಸ ಮಾದರಿಯಲ್ಲಿ ಬಡಿಯುವುದಿಲ್ಲ.

ಇನ್ನು ಸರಕಾರದ ಮಾತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ 'ರಿಪೇರಿಯ ಹಕ್ಕು' ಕುರಿತು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲು ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ಕ್ಷೇತ್ರ ಆರಿಸಿಕೊಂಡಿತು. ಅದೇ ವರ್ಷ ಡಿಸೆಂಬರ್ 24ರಂದು ಕಂಪನಿಗಳ ರಿಪೇರಿ ವಿವರ ಒಂದೆಡೆ ಸಿಗುವ ಜಾಲತಾಣ ತೆರೆಯಿತು. ಯಾವ ವಸ್ತು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆಂದು ಅಂಕ ಕೊಡುವ ಪದ್ಧತಿಯ ಬಗ್ಗೆ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಫ್ರಾನ್ಸಿನಲ್ಲಿ ಇಂಥ ಅಂಕವನ್ನು ಬೆಲೆಯ ಪಕ್ಕದಲ್ಲೇ ತೋರಿಸಬೇಕೆಂಬ ನಿಯಮ 2021ರ ಜನವರಿಯಲ್ಲೇ ಬಂದಿದೆ. ಯುರೋಪಿನ ಒಕ್ಕೂಟ 2024ರಲ್ಲಿ ರಿಪೇರಿಯ ಹಕ್ಕಿನ ನಿರ್ದೇಶನ ಹೊರಡಿಸಿ, ಅದರ ಅನ್ವಯಕ್ಕೆ 2026ರ ಜುಲೈ 31 ಎಂದು ದಿನ ಗೊತ್ತುಮಾಡಿತು. ಸಮಿತಿಗಳಿಗೂ ವರದಿಗಳಿಗೂ ನಾನು ಕೈಮುಗಿಯುತ್ತೇನೆ. ಆದರೆ ನಮ್ಮ ನಾಲ್ಕು ಕ್ಷೇತ್ರಗಳ ಪಟ್ಟಿಯಲ್ಲಿ ಕೈಗಡಿಯಾರಕ್ಕೆ ಹೆಸರಿಲ್ಲ. ಕೈಯಲ್ಲಿ ಕಟ್ಟಿದ್ದರಿಂದಲೇ ಕಣ್ಣಿಗೆ ಬೀಳಲಿಲ್ಲವೋ ಏನೋ.

ಹಾಗೆಂದು ನಮ್ಮ ಕೈಯಲ್ಲಿ ಏನೂ ಇಲ್ಲವೆಂದು ತಿಳಿಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 'ದೋಷ' ಎಂಬ ಮಾತಿಗೆ ಕೊಡುವ ಅರ್ಥದಲ್ಲಿ, ಮಾರುವವನು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ವಸ್ತುವಿನಲ್ಲಿ ಇಲ್ಲದಿರುವುದೂ ಸೇರಿದೆ. ಜಾಹೀರಾತಿನ ಈಜುಗಾರ್ತಿ ಇಲ್ಲಿ ನಮ್ಮ ಪರ ಸಾಕ್ಷಿ. ಕಂಪನಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ವಸ್ತುವಿಗೆ ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ರಸೀತಿ, ಡಬ್ಬಿ, ವಾರಂಟಿ ಚೀಟಿ, ಕಂಪನಿಯವರು ಬರೆದ ಉತ್ತರಗಳು ಇಷ್ಟನ್ನು ಜೋಪಾನ ಮಾಡಿಟ್ಟರೆ ಅರ್ಧ ಕೆಲಸ ಆದಂತೆ. 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಕೂಗುವವರ ಸಂಖ್ಯೆ ಹೆಚ್ಚಿದರೆ ಬಾಯಿಗೆ ಹಾಕುವ ಸಕ್ಕರೆಯ ಖರ್ಚು ಒಂದು ದಿನ ಪರದೆಯ ಬೆಲೆಗಿಂತ ಜಾಸ್ತಿಯಾಗುತ್ತದೆ. ಬುದ್ಧಿ ಬರುವುದು ಆವತ್ತೇ.

ನಾನು ಕೇಳುತ್ತಿರುವುದು ಆಕಾಶಪುಷ್ಪವಲ್ಲ. ಗಡಿಯಾರ ಮಾರುವವನು ಅದರ ಪರದೆ ಮತ್ತು ಬ್ಯಾಟರಿಯನ್ನು ಕನಿಷ್ಠ ಐದು ವರ್ಷ, ಕೇಳಿದ ಯಾರಿಗೇ ಆಗಲಿ, ಬಹಿರಂಗವಾಗಿ ಪ್ರಕಟಿಸಿದ ಬೆಲೆಗೆ ಮಾರಬೇಕು. ರಿಪೇರಿ ಆಗುವುದೋ ಇಲ್ಲವೋ ಎಂಬುದನ್ನು ಡಬ್ಬಿಯ ಮೇಲೆ, ಓಡುವ ಹುಡುಗನ ಚಿತ್ರದಷ್ಟೇ ದೊಡ್ಡದಾಗಿ ಬರೆಯಬೇಕು. ನೀರು ಹೊಕ್ಕಿದೆ ಎನ್ನುವವನು ಎಲ್ಲಿ ಹೊಕ್ಕಿತೆಂದು ತೋರಿಸಬೇಕು. ತೋರಿಸಲಾಗದಿದ್ದರೆ ರಿಪೇರಿಯ ಖರ್ಚು ಅವನದು. ಹೊರಗಿನವನು ಬಿಚ್ಚಿದನೆಂಬ ನೆಪದಲ್ಲಿ ಕೈತೊಳೆದುಕೊಳ್ಳಬಾರದು. ಇವುಗಳಲ್ಲಿ ಯಾವುದೂ ವಿಜ್ಞಾನದ ಹೊಸ ಶೋಧನೆಯನ್ನು ಬೇಡುವುದಿಲ್ಲ. ತಿರುಪು ಎಂಬುದನ್ನು ಮನುಷ್ಯ ಕಂಡುಹಿಡಿದು ಸಾವಿರಾರು ವರ್ಷಗಳಾದವು.

ಕೊಳ್ಳುವ ನಾವೂ ಅಂಗಡಿಯ ಕಟ್ಟೆಯ ಮೇಲೆ ಒಂದು ಮಾತು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು. ಎಷ್ಟು ಬಣ್ಣದಲ್ಲಿದೆ, ಎಷ್ಟು ಆಟ ತೋರಿಸುತ್ತದೆ ಎಂದು ಕೇಳುವ ಮೊದಲು 'ಪರದೆ ಹೋದರೆ ಪರದೆ ಸಿಗುತ್ತದೆಯೇ? ಎಷ್ಟಕ್ಕೆ? ಬರೆದು ಕೊಡಿ' ಎನ್ನಬೇಕು. ಬರೆದು ಕೊಡದವನ ಗಡಿಯಾರ ಕೊಳ್ಳಬಾರದು. ಬಿಚ್ಚಿ ಕಟ್ಟಲು ಬಾರದ ವಸ್ತುವನ್ನು ನಾವು ದುಡ್ಡು ಕೊಟ್ಟು ತಂದರೂ ಅದು ನಮ್ಮದಲ್ಲ. ಮಾರಿದವನೇ ಅದರ ಯಜಮಾನ, ನಾವು ಅದನ್ನು ಕೈಗೆ ಕಟ್ಟಿಕೊಂಡು ತಿರುಗುವ ಬಾಡಿಗೆದಾರರು. ಬಾಡಿಗೆಯವರಿಂದ ಪೂರಾ ಬೆಲೆ ವಸೂಲು ಮಾಡುವ ಈ ವ್ಯಾಪಾರಕ್ಕೆ ಇರುವ ಕನ್ನಡದ ಹೆಸರು ಎಲ್ಲರಿಗೂ ಗೊತ್ತು. ಅದನ್ನು ಗಟ್ಟಿಯಾಗಿ ಹೇಳಲು ಮಾತ್ರ ನಾವು ಕಲಿಯಬೇಕಾಗಿದೆ.